ಗ್ಯಾರೇಜಿನಲ್ಲಿ ಬೆಳ್ಳಿತೆರೆ

ಮೇ ೩, ಶನಿವಾರ

ಮಗಳು ಇಮ್ಮಿ ಈ ಸಲವೂ ಬರಲಿಲ್ಲ. ಎರಡು ವಾರಕ್ಕೊಂದು ಶನಿವಾರ, ಭಾನುವಾರ ನನ್ನ ಪಾಲಿನವು. ಸತತ ಮೂರನೆಯ ಪಾಲು ಹೋಯಿತು. ಮೊದಲ ಸಲ ನೆಗಡಿ. ಎರಡನೆಯ ಸಲ ಗೆಳತಿಯ ಹುಟ್ಟುಹಬ್ಬ. ಇವತ್ತು, ‘ಅಲಿಸ್ಟರ್ ಸಿನಿಮಾ ಹಾಕ್ತಿದಾನೆ ಅಪ್ಪಾ.’ ಮೂರೂ ಒಳ್ಳೆಯ ಕಾರಣಗಳೇ. ಅದೇ ಅನುಮಾನ. ನಿಜವಾದ ಕಾರಣಗಳು ಹೀಗೆ ಇಸ್ತ್ರಿ ಮಾಡಿಸಿಕೊಂಡು ಬರುವುದಿಲ್ಲ.

ಅಲಿಸ್ಟರ್ ಎಂದರೆ ಇಮ್ಮಿಯ ಅಮ್ಮ ರೋವೆನಾಳ ಹೊಸ ಗಂಡ. ಹಲ್ಲಿನ ಡಾಕ್ಟರು. ಟ್ರೆವಾಲಿನ್ ಗುಡ್ಡದ ಮೇಲೊಂದು ಮನೆ, ಮನೆಯ ಕೆಳಗೊಂದು ಕೋಣೆ, ಕೋಣೆಯೊಳಗೊಂದು ಸಿನಿಮಾ ಮಂದಿರ. ಹದಿನಾಲ್ಕು ವರ್ಷದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಬೋನು ಉಂಟೆ?

ಸಂಜೆ ರೋವೆನಾ ಮೆಸೇಜು ಹಾಕಿದಳು. ಜುಲೈ ರಜೆಯಲ್ಲಿ ಮೂವರೂ ಕೂತು ಮಾತಾಡಬೇಕಂತೆ. ಎರಡು ವಾರಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಸಾಕೇ ಎಂದು ಇಮ್ಮಿಯನ್ನೇ ಕೇಳಬೇಕಂತೆ. ಅವಳ ಮಾತೇ ಕಡೆಯ ಮಾತಂತೆ. ತಿಂಗಳಿಗೊಮ್ಮೆ ಎಂದರೆ ವರ್ಷಕ್ಕೆ ಹನ್ನೆರಡು. ವರ್ಷಕ್ಕೆ ಹನ್ನೆರಡು ಸಲ ಮನೆ ಬಾಗಿಲಲ್ಲಿ ಕಾಣುವವನನ್ನು ಅಪ್ಪ ಎನ್ನುವುದಿಲ್ಲ, ಪೇಪರ್ ಬಿಲ್ಲಿನವನು ಎನ್ನುತ್ತಾರೆ.

ತೀರ್ಮಾನಿಸಿದ್ದೇನೆ. ನನ್ನ ಗ್ಯಾರೇಜೂ ಸಿನಿಮಾ ಮಂದಿರವಾಗುತ್ತದೆ. ಕಾರು ಹೊರಗೆ ನಮ್ಮ ಜೂನ್-ಜುಲೈ ಚಳಿಗಾಲದ ಮಂಜಿನಲ್ಲಿ ನಿಲ್ಲಲಿ. ಎರಡು ತಿಂಗಳು ಸಮಯವಿದೆ.

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಆದರೆ ಇಪ್ಪತ್ತೆರಡು ವರ್ಷ ಪೆಟ್ರೋಲ್ ಪಂಪು, ಮಾಂಸದಂಗಡಿಯ ತಕ್ಕಡಿ ತಪಾಸಣೆ ಮಾಡಿದವನು ನಾನು. ದಾಖಲೆ ಇಲ್ಲದ ಅಳತೆ ಅಳತೆಯಲ್ಲ.

ಮೇ ೮, ಗುರುವಾರ

ಪೇಟೆಯ ಸ್ಪೀಕರ್ ಅಂಗಡಿಗೆ ಹೋಗಿದ್ದೆ. ಮಾಲೀಕನ ಹೆಸರು ಬ್ಯಾರಿ. ಅರವತ್ತು ದಾಟಿದವನು, ಉಣ್ಣೆಯ ಅಂಗಿ, ಬೆಣ್ಣೆಯ ಮಾತು. ಎಲ್ಲಿ ನಯ ಹೆಚ್ಚೋ ಅಲ್ಲಿ ನನಗೆ ಭಯ ಹೆಚ್ಚು.

ಕತ್ತಲೆ ಕೋಣೆಯಲ್ಲಿ ಕೂರಿಸಿ ಒಂದೇ ದೃಶ್ಯವನ್ನು ಮೂರು ಬಗೆಯ ಸರೌಂಡ್ ಸ್ಪೀಕರುಗಳಲ್ಲಿ ಕೇಳಿಸಿದ. ಹೆಲಿಕಾಪ್ಟರೊಂದು ತಲೆಯ ಮೇಲೆ ಹಾದು ಬೆನ್ನ ಹಿಂದೆ ಇಳಿಯಿತು. ಮೂರನೆಯದರಲ್ಲಿ, ಅಂದರೆ ಎಲ್ಲಕ್ಕಿಂತ ದುಬಾರಿಯದರಲ್ಲಿ, ರೋಮ ನಿಮಿರಿತು. ರೋಮ ನಿಮಿರಿದೊಡನೆ ಜೇಬಿನಿಂದ ಸದ್ದಳೆಯುವ ಮೀಟರು ತೆಗೆದೆ. ಊಹಿಸಿದಂತೆಯೇ ದರ ಏರಿದ ಹಾಗೆ ದನಿಯೂ ಏರಿತ್ತು. ಮೊದಲನೆಯದಕ್ಕಿಂತ ಮೂರು ಡೆಸಿಬೆಲ್ ಜೋರು. ಯಾವುದು ಜೋರೋ ಅದೇ ಚೆನ್ನ ಅನ್ನುತ್ತದೆ ಕಿವಿ. ಮಾಂಸದಂಗಡಿಯವನು ತಕ್ಕಡಿಯ ಮೇಲೆ ಹೆಬ್ಬೆರಳಿಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮೂರನ್ನೂ ಒಂದೇ ಸದ್ದಿಗೆ ತಂದು ಮತ್ತೆ ಕೇಳಿಸು ಎಂದೆ. ಕೇಳಿಸಿದ. ಯಾವುದು ಯಾವುದೋ ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

“ಮೀಟರು ತಂದ ಗಿರಾಕಿ ನೀನೇ ಮೊದಲು ಗುರು,” ಎಂದ ಬ್ಯಾರಿ. “ಬೇರೆಯವ್ರು ಹೆಂಡ್ತೀನ ಕರ್ಕೊಂಡ್ ಬರ್ತಾರೆ.”

ನನ್ನ ಬಳಿ ಇರುವುದು ಮೀಟರು ಮಾತ್ರ ಎಂದು ಹೇಳಲಿಲ್ಲ. ಏನೂ ಕೊಳ್ಳದೆ ಬಂದೆ.

ಮೇ ೧೩, ಮಂಗಳವಾರ

ಇಂಟರ್ನೆಟ್ಟಿನಲ್ಲಿ ತರಿಸಿದ ಪ್ರೊಜೆಕ್ಟರ್ ಬಂತು. ಡಬ್ಬದ ಮೇಲೆ ಬೆಳಕು ಹನ್ನೆರಡು ಸಾವಿರ ಲ್ಯೂಮೆನ್ ಎಂದು ಮುದ್ರಿಸಿದ್ದಾರೆ. ಗ್ಯಾರೇಜಿನ ಗೋಡೆಗೆ ಬಿಟ್ಟು ಬೆಳಕಿನ ಮೀಟರು ಹಿಡಿದು ಅಳೆದೆ. ಇನ್ನೂರ ಹತ್ತು. ಫ್ರಿಜ್ಜಿನ ಬಾಗಿಲು ತೆಗೆದರೆ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಡಬ್ಬಕ್ಕೆ ಟೇಪು ಸುತ್ತಿ ವಾಪಸು ಕಳಿಸಿದೆ. ಅಳೆಯದೆ ನಂಬಿದವನು ಅಳುತ್ತ ಕೂರುತ್ತಾನೆ.

ಮೇ ೧೮, ಭಾನುವಾರ

ನಿನ್ನೆ ಇಮ್ಮಿ ಬಂದಳು. ಬಂದಳು! ಕೂದಲು ಕತ್ತರಿಸಿಕೊಂಡಿದ್ದಾಳೆ. ಸಾಸೇಜು ಸುಟ್ಟೆ, ಆಲೂಗಡ್ಡೆ ಕಿವುಚಿದೆ. ಗ್ಯಾರೇಜಿನ ಯೋಜನೆ ಹೇಳಿದೆ. ‘ಓ, ಒಳ್ಳೇದು’ ಎಂದಳು, ಹಲ್ಲಿನ ಡಾಕ್ಟರು ‘ಸ್ವಲ್ಪ ನೋಯುತ್ತೆ’ ಅಂದಾಗ ನಾವು ಅನ್ನುವ ಹಾಗೆ.

ಎದುರಾಳಿಯ ಬಲ ತಿಳಿಯದೆ ಕೆಲಸ ಶುರುಮಾಡುವುದು ಹೇಗೆ? ಹಾಗಾಗಿ ಕೇಳಿದೆ: ಆ ಕೋಣೆಯಲ್ಲಿ ಕುರ್ಚಿ ಎಷ್ಟು? ಪರದೆ ಎಷ್ಟಗಲ? ಸ್ಪೀಕರು ಎಷ್ಟು? ಸಿನಿಮಾ ಆರಿಸುವವರು ಯಾರು? ನಡುವಿನ ಕುರ್ಚಿ ಯಾರದು? ಅಮ್ಮ ಎಲ್ಲಿ ಕೂರುತ್ತಾಳೆ? ತಿನ್ನಲು ಏನು ಕೊಡುತ್ತಾರೆ? ಅವನು ಕೂಗಾಡುತ್ತಾನೆಯೇ? ನನ್ನ ಬಗ್ಗೆ ಏನಾದರೂ ಅನ್ನುತ್ತಾನೆಯೇ? ಅಮ್ಮ ಅನ್ನುತ್ತಾಳೆಯೇ? ಹಸಿವಾ?

ಮೊದಲ ಎರಡಕ್ಕೆ ಉತ್ತರ ಬಂತು: ಆರು, ಗೊತ್ತಿಲ್ಲ. ಆಮೇಲೆ ಎಲ್ಲದಕ್ಕೂ ಭುಜ ಎತ್ತಿ ಇಳಿಸಿದಳು. ಬಾಯಿಬಿಡಬೇಡ ಎಂದು ಹೇಳಿಕೊಟ್ಟು ಕಳಿಸಿದ್ದಾರೆ, ಸಂಶಯವೇ ಇಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಹೊಟ್ಟೆನೋವು ಎಂದಳು. ಸಂಜೆ ಐದಕ್ಕೆ ಹೊರಡಬೇಕಾದವಳು ಹನ್ನೊಂದಕ್ಕೇ ಹೊರಟಳು. ರೋವೆನಾ ಬಂದು ಕರೆದೊಯ್ದಳು. ಹೊಟ್ಟೆನೋವಿನವಳು ಕಾರು ಹತ್ತಿದ ತಕ್ಷಣ ಚಿಪ್ಸ್ ಪೊಟ್ಟಣ ಒಡೆದಳು. ಕಿಟಕಿಯಿಂದ ನೋಡಿದೆ. ಬರೆದಿಟ್ಟಿದ್ದೇನೆ.

ಮೇ ೨೧, ಬುಧವಾರ

ಅಲಿಸ್ಟರನಿಂದ ಮೆಸೇಜು. ನಾಲ್ಕು ವರ್ಷದಲ್ಲಿ ಮೊದಲನೆಯದು. ನೀನು ಗ್ಯಾರೇಜಿನಲ್ಲಿ ಥಿಯೇಟರ್ ಮಾಡುತ್ತಿರುವುದು ಇಮ್ಮಿಯಿಂದ ತಿಳಿಯಿತು, ತುಂಬಾ ಸಂತೋಷ, ಅಂಗಡಿಯ ಕೋಣೆ ನಂಬಬೇಡ, ಕೊಳ್ಳುವ ಮುಂಚೆ ನಮ್ಮಲ್ಲಿ ಬಂದು ಕೂತು ಕೇಳಿ ಹೋಗು ಎಂದಿದ್ದಾನೆ.

ವಿಚಾರಿಸಿದೆ. ಈ ಹುಚ್ಚಿನವರಲ್ಲಿ ಇದೊಂದು ಪದ್ಧತಿಯಂತೆ. ಗುರುತಿಲ್ಲದವನನ್ನೂ ಮನೆಗೆ ಕರೆದು, ಒಳ್ಳೆಯ ಕುರ್ಚಿ ಕೊಟ್ಟು, ತಮ್ಮ ಸ್ಪೀಕರು ಕೇಳಿಸಿ, ಟೀ ಕುಡಿಸಿ ಕಳಿಸುತ್ತಾರಂತೆ. ಪ್ರತಿಯಾಗಿ ಏನೂ ಕೇಳುವುದಿಲ್ಲವಂತೆ. ಪ್ರತಿಯಾಗಿ ಏನೂ ಕೇಳದವನೇ ಅತಿ ಹೆಚ್ಚು ವಸೂಲಿ ಮಾಡುವವನು ಎಂಬುದು ನನ್ನ ಇಪ್ಪತ್ತೆರಡು ವರ್ಷದ ಅನುಭವ.

ಹೋಗುವುದಿಲ್ಲ.

ಮೇ ೨೫, ಭಾನುವಾರ

ಹೋದೆ. ಇಮ್ಮಿಯ ನೆಟ್‌ಬಾಲ್ ಪಂದ್ಯವಿತ್ತು. ಅವಳೂ ರೋವೆನಾಳೂ ಮನೆಯಲ್ಲಿರದ ಹೊತ್ತನ್ನೇ ಆರಿಸಿದೆ. ಮೀಟರು ಜೇಬಿನಲ್ಲೇ ಇತ್ತು.

ನಾನು ಊಹಿಸಿದ್ದು ಅರಮನೆ. ಇದ್ದದ್ದು ಒದ್ದೆ ವಾಸನೆಯ ನೆಲಮಾಳಿಗೆ. ಗೋಡೆಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದಿದ್ದಾನೆ, ಸದ್ದು ಪುಟಿಯದಿರಲಿ ಎಂದು. ಆರು ಕುರ್ಚಿಗಳೂ ಅವನ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆಯಿಂದ ತಂದವು. ಕೂತರೆ ಹಲ್ಲು ಜುಮ್ಮೆನ್ನುತ್ತದೆ. ಮನುಷ್ಯ ತೆಳ್ಳಗೆ, ಉದ್ದಕ್ಕೆ, ಕ್ಷಮೆ ಕೇಳುವವನ ಹಾಗೆ ಬಾಗಿ ನಿಲ್ಲುತ್ತಾನೆ. ಒಂದೂವರೆ ಗಂಟೆ ಬರೀ ಸ್ಪೀಕರಿನ ಮಾತು. ನಟರ ಮಾತು ಬರುವ ನಡುವಿನ ಸ್ಪೀಕರು ಕಿವಿಯ ಮಟ್ಟಕ್ಕಿರಬೇಕಂತೆ, ಹಿಂದಿನವು ಕಿವಿಗಿಂತ ತುಸು ಮೇಲಂತೆ. ಮೀಟರು ಹೊರತೆಗೆದಾಗ ಅವನ ಮುಖ ಅರಳಿತು. ತನ್ನದನ್ನೂ ತಂದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅವನದು ಅರ್ಧ ಡೆಸಿಬೆಲ್ ತಪ್ಪು ತೋರಿಸುತ್ತದೆ. ಹೇಳಿದೆ. ಬರೆದುಕೊಂಡ.

ಹೊರಡುವಾಗ, ನಡುವಿನ ಕುರ್ಚಿ ಇಮ್ಮಿಯದೋ ಎಂದು ಕೇಳಿದೆ.

“ಇಮ್ಮಿಯಾ? ಅವಳು ಇಲ್ಲಿ ಕೂರೋದೇ ಇಲ್ಲ ಗ್ಲೆನ್,” ಎಂದ. “ಹತ್ತು ನಿಮಿಷಕ್ಕೆ ಎದ್ದು ಹೋಗ್ತಾಳೆ. ಮೇಲೆ ರೂಮಲ್ಲಿ ಬೆಕ್ಕಿನ ಜೊತೆ ಇರ್ತಾಳೆ. ನನ್ನ ಸಿನಿಮಾ ಅವಳಿಗೆ ಬೋರು.”

“ಮೂರನೇ ತಾರೀಕು ಸಿನಿಮಾ ನೋಡಿದ್ಲಲ್ಲ?”

“ಮೂರಕ್ಕೆ ನಾನು ಊರಲ್ಲೇ ಇರ್ಲಿಲ್ಲ. ಹೋಬಾರ್ಟಲ್ಲಿ ಹಲ್ಲಿನ ಡಾಕ್ಟರ್‌ಗಳ ಸಭೆ.”

ಸುಳ್ಳು. ನಾನು ಥಿಯೇಟರ್ ಮಾಡುವುದನ್ನು ನಿಲ್ಲಿಸಲಿ ಎಂದು ಹೂಡಿದ ಆಟ. ಆದರೆ ಹಾಗಿದ್ದರೆ ಒಂದೂವರೆ ಗಂಟೆ ಹೇಳಿಕೊಟ್ಟದ್ದೇಕೆ? ಇದರಲ್ಲೇನೋ ಇದೆ. ಏನೆಂದು ಸಿಗುತ್ತಿಲ್ಲ.

ಜೂನ್ ೧, ಭಾನುವಾರ

ಇಮ್ಮಿ ಬರಲಿಲ್ಲ. ಶಾಲೆಯ ಬರವಣಿಗೆ ಇದೆಯಂತೆ.

ಬ್ಯಾರಿಯ ಬಳಿಯೇ ಪ್ರೊಜೆಕ್ಟರು, ಐದು ಸ್ಪೀಕರು, ಒಂದು ವೂಫರ್ ಕೊಂಡೆ. ವೂಫರ್ ಎಂದರೆ ಗುಡುಗು, ಸ್ಫೋಟ, ಆನೆಯ ಹೆಜ್ಜೆ ಮಾತ್ರ ನುಡಿಯುವ ದಪ್ಪ ಪೆಟ್ಟಿಗೆ. ಮೂರು ಬಗೆಯಲ್ಲಿ ಅಗ್ಗದ ಸ್ಪೀಕರನ್ನೇ ಆರಿಸಿದೆ. ಒಂದೇ ಸದ್ದಿನಲ್ಲಿ ವ್ಯತ್ಯಾಸ ಕಾಣದಿದ್ದ ಮೇಲೆ ದುಬಾರಿಯದ್ದೇಕೆ? ಬ್ಯಾರಿ ಎದುರಾಡಲಿಲ್ಲ. ತನ್ನ ಮನೆಯಲ್ಲಿರುವುದೂ ಅದೇ ಎಂದ. ಇದನ್ನು ಮೊದಲೇ ಹೇಳಬಹುದಿತ್ತಲ್ಲ?

ಪ್ರೊಜೆಕ್ಟರಿನಲ್ಲಿ ಐದು ಬಗೆಯ ಬಣ್ಣದ ಹೊಂದಿಕೆ. ಐದನ್ನೂ ಅಳೆದೆ. ಒಂದರಲ್ಲಿ ಸಾವಿರದ ಎಂಟುನೂರ ಎಪ್ಪತ್ತು ಲ್ಯೂಮೆನ್; ಮಿಕ್ಕವು ಸಾವಿರದ ನೂರರ ಆಸುಪಾಸು. ಅತಿ ಹೆಚ್ಚು ಬೆಳಕಿನದಕ್ಕೆ ಹೊಂದಿಸಿ, ಗುಂಡಿಗೆ ಯಾರೂ ಕೈ ಹಚ್ಚದಂತೆ ಟೇಪು ಅಂಟಿಸಿದೆ.

ಜೂನ್ ೧೪, ಶನಿವಾರ

ಮೊದಲ ಪ್ರದರ್ಶನ. ಇಮ್ಮಿ ಬಂದಳು, ಸೋಫಾದ ಮೇಲೆ ಕಾಲು ಮಡಚಿ ಕೂತಳು. ದೀಪ ಆರಿಸಿದೆ.

ಹಡಗಿನ ಕತೆ. ನಾಯಕ ಬಂದ. ನಾಯಕಿ ಬಂದಳು.

“ಅಪ್ಪಾ, ಇವ್ರೆಲ್ಲಾ ಯಾಕೆ ಹಸಿರಾಗಿದಾರೆ?”

ಹಸಿರಿಲ್ಲ ಎಂದೆ. ಇತ್ತು. ನಾಯಕನ ಹಣೆ ಎಳೆ ಬಟಾಣಿ, ನಾಯಕಿಯ ಕೆನ್ನೆ ಪಾಲಕ್ ಸೊಪ್ಪು. ಮದುವೆಯ ದೃಶ್ಯದಲ್ಲಿ ಹಡಗಿನವರೆಲ್ಲ ಸಾಲಾಗಿ ನಿಂತಾಗ ಈಗಲೋ ಆಗಲೋ ವಾಂತಿ ಮಾಡುವವರ ಹಾಗಿದ್ದರು. ಇದರಲ್ಲೇ ಬೆಳಕು ಹೆಚ್ಚು, ನಾನೇ ಅಳೆದಿದ್ದೇನೆ ಎಂದು ಪಟ್ಟಿ ತೋರಿಸಿದೆ. ಅವಳು ಪಟ್ಟಿ ನೋಡಲಿಲ್ಲ. ಎದ್ದು ಹೋಗಿ, ಟೇಪು ಕಿತ್ತು, ಗುಂಡಿ ಒತ್ತಿದಳು. ಪರದೆ ತುಸು ಮಂಕಾಯಿತು. ಮುಖಗಳು ಮನುಷ್ಯರವಾದವು. ಹೆಚ್ಚು ಬೆಳಕಿಗಾಗಿ ಆ ಯಂತ್ರ ಹಸಿರನ್ನೇ ಸುರಿಯುತ್ತದೆ ಎಂದು ಕೈಪಿಡಿಯ ನಲವತ್ತನೆಯ ಪುಟದಲ್ಲಿದೆ, ಆಮೇಲೆ ಓದಿದೆ. ನಲವತ್ತನೆಯ ಪುಟದಲ್ಲಿ ಬಚ್ಚಿಟ್ಟವರು ಬೇಕೆಂದೇ ಬಚ್ಚಿಟ್ಟಿದ್ದಾರೆ.

ಅಷ್ಟಕ್ಕೆ ಬಿಡಬಹುದಿತ್ತು. ಅಲ್ಲಿಯೂ ಹೀಗೇ ಹಸಿರು ಬರುತ್ತದೆಯೇ, ಅವನದು ಯಾವ ಹೊಂದಿಕೆ, ಮೇ ಮೂರನೇ ತಾರೀಕು ನಿಜಕ್ಕೂ ಯಾವ ಸಿನಿಮಾ ನೋಡಿದೆ ಎಂದು ಕೇಳಿದೆ.

ಇಮ್ಮಿ ಸಿನಿಮಾ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ. ಪರದೆಯ ಮೇಲೆ ನಿಂತುಹೋದ ಹಡಗಿಗೆ ಹೇಳಿದಳು.

“ಯಾವ್ದೂ ನೋಡಿಲ್ಲ. ಸುಳ್ಳು ಹೇಳ್ದೆ. ಇಲ್ಲಿ ಬಂದ್ರೆ ನೀನು ಆ ಮನೆ ಬಗ್ಗೆ ಕೇಳ್ತೀಯ. ಅಲ್ಲಿ ಹೋದ್ರೆ ಅಮ್ಮ ಈ ಮನೆ ಬಗ್ಗೆ ಕೇಳ್ತಾಳೆ. ನಾನೇನು ಪೋಸ್ಟ್ ಆಫೀಸಾ? ಅಲಿಸ್ಟರ್ ಒಬ್ನೇ ಏನೂ ಕೇಳಲ್ಲ.”

“ಯಾಕೆ ಕೇಳಲ್ಲ?”

“ನೋಡು, ಮತ್ತೆ ಕೇಳ್ದೆ,” ಎಂದಳು. ಮತ್ತೆ ಕಾಲು ಮಡಚಿಕೊಂಡು, “ಅವನಿಗೆ ಸ್ಪೀಕರ್ ಬಿಟ್ಟು ಬೇರೇನೂ ತಲೇಲಿಲ್ಲ ಅಪ್ಪಾ. ಅದಕ್ಕೇ ಆರಾಮಾಗಿರುತ್ತೆ.”

ಸಿನಿಮಾ ಮುಗಿಸಿದೆವು. ಯಾರು ಮುಳುಗಿದರು, ಯಾರು ಉಳಿದರು ನೆನಪಿಲ್ಲ. ಈ ಮಾತು ಅವಳ ಬಾಯಲ್ಲಿ ಇಟ್ಟವರು ಯಾರು?

ಜೂನ್ ೧೬, ಸೋಮವಾರ

ಸ್ಕಾಟ್ಸ್‌ಡೇಲಿನಲ್ಲಿ ನಾಲ್ಕು ಪೆಟ್ರೋಲ್ ಪಂಪು. ನಾಲ್ಕೂ ಸರಿ.

ಜೂನ್ ೧೯, ಗುರುವಾರ

ಮೇ ಹದಿನೆಂಟರ ಪುಟ ತೆಗೆದು ಎಣಿಸಿದೆ. ಹನ್ನೊಂದು ಪ್ರಶ್ನೆ. ಹತ್ತು ಆ ಮನೆಯವು. ಅವಳ ಬಗ್ಗೆ ಒಂದು: ಹಸಿವಾ? ಕೂದಲು ಕತ್ತರಿಸಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಚೆನ್ನಾಗಿದೆ ಎಂದು ಹೇಳಿದ ದಾಖಲೆ ಇಲ್ಲ.

ಇದರಿಂದ ಏನೂ ಸಾಬೀತಾಗುವುದಿಲ್ಲ. ಅಂಕಿ ಮಾತ್ರ ಬರೆದಿಟ್ಟಿದ್ದೇನೆ, ತೀರ್ಪಲ್ಲ.

ಜೂನ್ ೨೩, ಸೋಮವಾರ

ವೂಫರಿನದು ಹೊಸ ಕಾಟ. ಸೋಫಾದ ಎಡತುದಿಯಲ್ಲಿ ಕೂತರೆ ಎದೆಗೂಡು ಅದುರುತ್ತದೆ, ಬಲತುದಿಯಲ್ಲಿ ಕೂತರೆ ಸದ್ದೇ ಇಲ್ಲ. ಒಂದೇ ಪೆಟ್ಟಿಗೆ, ಒಂದೇ ಸೋಫಾ. ಬ್ಯಾರಿ ಹಾಳು ಮಾಲು ದಾಟಿಸಿದ್ದಾನೆ ಎಂದುಕೊಂಡು ಪೆಟ್ಟಿಗೆ ಬಿಚ್ಚಿ ನೋಡಿದೆ. ಎಲ್ಲ ಸರಿಯಿದೆ.

ಮೂರು ದಿನ ಯೋಚಿಸಿ ಅಲಿಸ್ಟರನಿಗೆ ಫೋನು ಮಾಡಿದೆ. ತಪ್ಪು ಪೆಟ್ಟಿಗೆಯದಲ್ಲ, ಕೋಣೆಯದು. ಅದಕ್ಕೆ ಸರಿಯಾದ ಜಾಗ ಹುಡುಕಬೇಕು, ಅಂಬೆಗಾಲಿಡಬೇಕು ಎಂದ. ಗೇಲಿ ಮಾಡುತ್ತಿದ್ದಾನೆಯೇ ಎಂದು ಎರಡು ಸಲ ಕೇಳಿದೆ. ಇಲ್ಲವಂತೆ. ಶನಿವಾರ ಇಮ್ಮಿಯನ್ನು ತಾನೇ ಕರೆತರುತ್ತೇನೆ, ಹಳೆಯ ಪ್ಯಾಂಟು ಹಾಕಿಕೊಂಡಿರು ಎಂದ.

ಜೂನ್ ೨೮, ಶನಿವಾರ

ಈ ಜನ ನಿಜಕ್ಕೂ ಹೀಗೆ ಮಾಡುತ್ತಾರೆ. ವೂಫರನ್ನು ಎತ್ತಿ ಸೋಫಾದ ಮೇಲೆ, ನಾವು ಕೂರುವ ಜಾಗದಲ್ಲಿ ಕೂರಿಸುತ್ತಾರೆ. ಒಂದೇ ಸಮನೆ ಗುಮ್ಮೆನ್ನುವ ಸಂಗೀತ ಹಾಕುತ್ತಾರೆ. ಆಮೇಲೆ ಮನುಷ್ಯರು ಕೈ ಮತ್ತು ಮೊಣಕಾಲೂರಿ ಗೋಡೆಯಂಚಿನಲ್ಲಿ ಸುತ್ತುತ್ತಾರೆ. ಎಲ್ಲಿ ಗುಮ್ಮು ಹದವಾಗಿ ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ಪೆಟ್ಟಿಗೆ ಯಜಮಾನನ ಹಾಗೆ ಸೋಫಾದ ಮೇಲೆ, ಯಜಮಾನರು ನೆಲದ ಮೇಲೆ.

ಮಧ್ಯಾಹ್ನ ಎರಡು ಗಂಟೆಗೆ, ರೇವನ್ಸ್‌ವುಡ್ಡಿನ ನನ್ನ ಗ್ಯಾರೇಜಿನಲ್ಲಿ, ನಲವತ್ತೇಳು ವರ್ಷದ ತಪಾಸಣಾಧಿಕಾರಿಯೂ ಐವತ್ತೊಂದು ವರ್ಷದ ಹಲ್ಲಿನ ಡಾಕ್ಟರೂ ಎದುರುಬದುರು ದಿಕ್ಕಿನಿಂದ ಅಂಬೆಗಾಲಿಡುತ್ತ ಬಂದು ಹುಲ್ಲು ಕತ್ತರಿಸುವ ಯಂತ್ರದ ಬಳಿ ಸಂಧಿಸಿದೆವು. ಇಬ್ಬರೂ ದಾರಿ ಬಿಡಲಿಲ್ಲ.

“ಇದೇ ಮೂಲೆ,” ಎಂದ ಅವನು, ನನ್ನ ಹಿಂದಿನದನ್ನು ತೋರಿಸಿ.

“ಅಲ್ಲಿ ಸದ್ದು ಗೊಗ್ಗರು. ನಿನ್ನ ಹಿಂದಿಂದು ಸರಿ,” ಎಂದೆ.

“ಗ್ಲೆನ್, ಹದಿನೇಳು ವರ್ಷದಿಂದ ಅಂಬೆಗಾಲಿಡ್ತಿದೀನಿ ನಾನು.”

“ಹಾಗಾದ್ರೆ ಇಷ್ಟೊತ್ತಿಗೆ ನಡೆಯೋದು ಕಲೀಬೇಕಿತ್ತು.”

ಇಮ್ಮಿ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಷ್ಟು ತಿಂಗಳಾಗಿತ್ತೋ. ಆಮೇಲೆ ತಾನೂ ಬಗ್ಗಿ, ನಮ್ಮಿಬ್ಬರ ನಡುವೆ ನುಸುಳಿ ಹೋದಳು. ಎರಡೂ ಮೂಲೆ ಬಿಟ್ಟು ಪಕ್ಕದ ಗೋಡೆಯ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ, ಪೇಂಟ್ ಡಬ್ಬಗಳ ಪಕ್ಕ ನಿಂತಳು. “ಇಲ್ಲಿ. ಬನ್ನಿ, ಕೇಳಿ.” ಇಬ್ಬರೂ ಹೋಗಿ ಕೇಳಿದೆವು. ಅಲ್ಲೇ. ಮೀಟರು ಹಿಡಿಯಬೇಕೆಂದು ಆಗ ಹೊಳೆಯಲಿಲ್ಲ; ಈಗ ಬರೆಯುವಾಗ ಹೊಳೆಯುತ್ತಿದೆ. ನಾಳೆ ನೋಡಿದರಾಯಿತು.

ಅಲಿಸ್ಟರ್ ಟೀ ಕುಡಿಯದೆ ಹೋದ. ಯಾಕೆ ಹೋದ? ಬಹುಶಃ ಮೊಣಕಾಲು ನೋವು.

ಸಿನಿಮಾ ನಡುವೆ, ರೋವೆನಾ ಜುಲೈ ಬಗ್ಗೆ ಏನಾದರೂ ಹೇಳಿದಳೇ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಎರಡು ಸಲ ಬಂತು. ಎರಡು ಸಲವೂ ಪಾಪ್‌ಕಾರ್ನ್ ತುರುಕಿಕೊಂಡೆ. ಇಮ್ಮಿ ನಾಳೆ ಸಂಜೆ ಐದರವರೆಗೆ ಇರುತ್ತಾಳೆ. ಹೊಟ್ಟೆನೋವಿಲ್ಲ, ಈವರೆಗೆ.

ಜುಲೈ ೮, ಮಂಗಳವಾರ

ಇವತ್ತು ಆ ಮಾತುಕತೆ. ಬೇಕರಿಯಲ್ಲಿ ಮೂವರು, ಚಿಪ್ಪುಮೀನು ತುಂಬಿದ ಮೂರು ಸ್ಕ್ಯಾಲಪ್ ಪೈ. ರೋವೆನಾ ಎರಡು ವೇಳಾಪಟ್ಟಿ ಬರೆದು ತಂದಿದ್ದಳು, ಒಂದು ಹಳದಿ, ಒಂದು ನೀಲಿ. ನನ್ನ ಜೇಬಿನಲ್ಲೂ ಒಂದಿತ್ತು. ಎರಡು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂದು ಇಮ್ಮಿಯನ್ನು ಕೇಳಿದಳು. ನಾನು ಪೈಯ ಅಂಚು ನೋಡುತ್ತ ಕೂತೆ.

“ಎರಡೂ ಬೇಡ,” ಎಂದಳು ಇಮ್ಮಿ.

ನನ್ನ ಕೈಯಲ್ಲಿದ್ದ ಫೋರ್ಕು ನಿಂತಿತು.

“ಪಟ್ಟಿ ಬೇಡ. ಬರ್ಬೇಕು ಅನ್ನಿಸ್ದಾಗ ಬರ್ತೀನಿ. ಬಸ್ಸಿದೆ. ಯಾಕೆ ಬಂದೆ, ಯಾಕೆ ಬರ್ಲಿಲ್ಲ ಅಂತ ಇಬ್ರೂ ಕೇಳ್ಬಾರ್ದು.”

ಹಾಗೆಲ್ಲ ಆಗುವುದಿಲ್ಲ, ಲೆಕ್ಕ ಇರಬೇಕು, ಅಪ್ಪನಿಗೂ ಗೊತ್ತಾಗಬೇಕಲ್ಲ ಎಂದಳು ರೋವೆನಾ, ಜನ್ಮದಲ್ಲಿ ಮೊದಲ ಸಲ ನನ್ನ ಪರವಾಗಿ. ಅವಳು ಹೇಳಿದ್ದು ಸರಿಯೇ. ಪಟ್ಟಿಯಿಲ್ಲ ಎಂದರೆ ವರ್ಷಕ್ಕೆ ಇಪ್ಪತ್ತಾರೂ ಆಗಬಹುದು, ಸೊನ್ನೆಯೂ ಆಗಬಹುದು. ಹಿಡಿಯಲು ಏನೂ ಇಲ್ಲ. ಇಂಥ ಪಂಪಿಗೆ ನಾನು ಮುದ್ರೆ ಒತ್ತುವವನೇ ಅಲ್ಲ.

“ಆಗ್ಲಿ,” ಎಂದೆ.

ರೋವೆನಾ ನನ್ನನ್ನೇ ದಿಟ್ಟಿಸಿದಳು. “ಏನೋ ಹೂಡ್ತಿದೀಯ ನೀನು,” ಎಂದಳು.

ಎಷ್ಟು ಅನುಮಾನದ ಹೆಂಗಸು. ಅಷ್ಟು ವರ್ಷ ಅವಳ ಜೊತೆ ಹೇಗೆ ಬಾಳಿದೆನೋ.

ಜುಲೈ ೧೨, ಶನಿವಾರ

ಬರಲಿಲ್ಲ. ಯಾಕೆಂದು ಕೇಳುವ ಹಾಗಿಲ್ಲ.

ಗ್ಯಾರೇಜಿನಲ್ಲಿ ಒಬ್ಬನೇ ಅರ್ಧ ಸಿನಿಮಾ ನೋಡಿದೆ. ಸದ್ದು ಅಚ್ಚುಕಟ್ಟಾಗಿದೆ. ಮಳೆಯ ದೃಶ್ಯದಲ್ಲಿ ಎದ್ದು ಹೋಗಿ ಕಾರಿನ ಗಾಜು ಏರಿಸಿದ್ದೇನೆಯೇ ಎಂದು ನೋಡಿ ಬಂದೆ.

ಜುಲೈ ೧೬, ಬುಧವಾರ

ಸಂಜೆ ನಾಲ್ಕೂವರೆಗೆ ಕೆಲಸ ಮುಗಿಸಿ ಬಂದರೆ ಮೆಟ್ಟಿಲ ಮೇಲೆ ಇಮ್ಮಿ ಕೂತಿದ್ದಳು. ಬುಧವಾರ. ಯಾವ ಪಟ್ಟಿಯಲ್ಲೂ ಬುಧವಾರ ಇರಲಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಮೂಗು ಕೆಂಪಾಗಿತ್ತು, ಚಳಿಯಿಂದಲೋ ಮತ್ತೊಂದರಿಂದಲೋ.

ಗ್ಯಾರೇಜಿನಲ್ಲಿ ಹೀಟರ್ ಹಾಕಲೇ ಎಂದೆ. ಬೇಡ, ಇಲ್ಲೇ ಚೆನ್ನಾಗಿದೆ ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಬ್ರೆಡ್ಡು ಸುಟ್ಟು, ಉಪ್ಪುಪ್ಪಾದ ಕಪ್ಪು ವೆಜಿಮೈಟ್ ಸವರಿ ಕೊಟ್ಟೆ. ಒಂದು ತಿಂದಳು. ಇನ್ನೊಂದು ಸುಟ್ಟೆ. ಅದನ್ನೂ ತಿಂದಳು. ನಾನು ಸಿಂಕಿನ ಕಡೆ ತಿರುಗಿ, ತೊಳೆದ ತಟ್ಟೆಯನ್ನೇ ತೊಳೆಯುತ್ತಿದ್ದೆ. ನಾಲ್ಕನೆಯ ತುಂಡಿನ ಹೊತ್ತಿಗೆ ಅವಳೇ ಮಾತು ತೆಗೆದಳು.

ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಅಲಿಸ್ಟರನಿಗೂ ಇಲ್ಲ. ಮುಕ್ಕಾಲು ಗಂಟೆ ಹೇಳಿದಳು. ನಡುವೆ ಸ್ವಲ್ಪ ಅತ್ತಳು, ಆಮೇಲೆ ಸ್ವಲ್ಪ ನಕ್ಕಳು.

ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.

ಆರು ಗಂಟೆಯ ಬಸ್ಸಿಗೆ ಬಿಟ್ಟು ಬಂದೆ. ಮತ್ತೆ ಯಾವಾಗ ಎಂದು ಕೇಳಲಿಲ್ಲ. ಬ್ರೆಡ್ಡು ಖಾಲಿ. ನಾಳೆಯಿಂದ ದೊಡ್ಡ ಪ್ಯಾಕನ್ನೇ ತರಬೇಕು.